ನಿನಗೊಂದು ದಿನ, ನನಗೊಂದು ದಿನ

ಜನವರಿ ೨೨

ಮಗಳೇ,

ನಿನ್ನ ಅಮ್ಮ ಬಾಯಿ ಮುಚ್ಚಿಕೊಂಡು ಎರಡು ವಾರವಾಯಿತು. ನಗಬೇಡ. ತರಕಾರಿ ಮಂಡಿಯಲ್ಲಿ ನಿಂತು ಹರಾಜು ಕೂಗಿಯೇ ನಿನ್ನನ್ನು ಓದಿಸಿದವಳು ನಾನು, ಇಡೀ ಮಾರುಕಟ್ಟೆ ‘ಕಹಳೆ’ ಎಂದು ಕರೆಯುವವಳು. ಈಗ ಕುಡಿಯಲು ನೀರು ಬೇಕಾದರೂ ಸ್ಲೇಟಿನ ಮೇಲೆ ಬರೆದು ತೋರಿಸಬೇಕು. ಕ್ಷಯ ಬೇರೆಯವರಿಗೆ ಎದೆಯಲ್ಲಿ ಕೂತರೆ ನನಗೆ ಅಲ್ಲಿಂದ ಹತ್ತಿ ಬಂದು ಗಂಟಲ ಪೆಟ್ಟಿಗೆಯಲ್ಲೂ ಕೂತಿದೆ. ಅದೂ ಎಂಥದ್ದು, ಮಾಮೂಲಿ ಮಾತ್ರೆಗೆ ಜಗ್ಗದ ಜಾತಿಯದಂತೆ. “ಪಿಸುಗುಟ್ಟೋದೂ ಬೇಡಮ್ಮ, ಅದು ಕೂಗೋದಕ್ಕಿಂತ ಕೆಟ್ಟದ್ದು” ಎಂದಿದ್ದಾರೆ ದೊಡ್ಡ ಡಾಕ್ಟರು. ಫೋನಿನ ಮೇಲೆ ಬೆರಳು ಕುಟ್ಟುವುದು ನನ್ನಿಂದಾಗದು. ಹಾಗಾಗಿ ಕಾಗದ. ಕಾಗದದಿಂದ ಕ್ಷಯ ಹರಡುವುದಿಲ್ಲವಂತೆ, ಮೊದಲೇ ಕೇಳಿಕೊಂಡಿದ್ದೇನೆ, ಹೆದರದೆ ಓದು.

ಕೋಣೆಯಲ್ಲಿ ಎರಡು ಹಾಸಿಗೆ. ಕಿಟಕಿ ಇದೆ, ತೆಗೆಯುವ ಹಾಗಿಲ್ಲ. ಒಳಗಿನ ಗಾಳಿಯನ್ನೆಲ್ಲ ಗೋಡೆಯಲ್ಲಿರುವ ಯಂತ್ರವೊಂದು ಹೀರಿ ಹೊರಗೆ ಹಾಕುತ್ತದೆ, ಬೆಳಗಿನಿಂದ ರಾತ್ರಿಯವರೆಗೂ ಗುಂಯ್ ಅನ್ನುತ್ತದೆ. ನಾನು ಹಾಸಿಗೆಯಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ತಿರುಗುತ್ತಲೇ ಇರುತ್ತೇನೆ. ಕೂತರೆ ಎದ್ದು ಓಡಬೇಕು ಅನಿಸುತ್ತದೆ, ಎದ್ದರೆ ಓಡಲು ಜಾಗವಿಲ್ಲ. ನರ್ಸ್ ಬಾಯಿಗೆ ಮೂಗಿಗೆಲ್ಲ ಗವಸು ಕಟ್ಟಿಕೊಂಡು ಬಂದು, “ನಿಮ್ಮ ತಾಯಿ ಕಾಲಿಗೆ ಚಕ್ರ ಕಟ್ಟಿ ಹೆತ್ತರಾ?” ಎನ್ನುತ್ತಾಳೆ. ಅವಳ ಕಣ್ಣು ಬಿಟ್ಟು ಬೇರೇನನ್ನೂ ನಾನು ನೋಡಿಲ್ಲ.

ಇನ್ನೊಂದು ಹಾಸಿಗೆಯವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಹುಡುಗಿ. ನಿನಗಿಂತ ಚಿಕ್ಕವಳು, ಆದರೂ ನಾಲ್ಕು ವರ್ಷದ ಮಗಳಿದ್ದಾಳೆ. ಭಾನುವಾರ ಅಜ್ಜಿ ಆ ಮಗುವನ್ನು ಕರೆತಂದು ಕಿಟಕಿಯಾಚೆ, ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ ನಿಲ್ಲಿಸಿ ತೋರಿಸುತ್ತಾಳೆ. ಈ ಹುಡುಗಿಯ ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. ನಾನು ಸ್ಲೇಟಿನಲ್ಲಿ ಅರ್ಧ ಬರೆಯುವಷ್ಟರಲ್ಲಿ ಇನ್ನರ್ಧ ಅವಳೇ ಹೇಳಿ ಮುಗಿಸುತ್ತಾಳೆ. ಗಿಳಿ ಎಂದು ಹೆಸರಿಟ್ಟಿದ್ದೇನೆ.

ನೀನು ಹೇಳಿದೆ ಎಂದೇ ಈ ಹೊಸ ಔಷಧಿಯ ಪ್ರಯೋಗಕ್ಕೆ ಸಹಿ ಹಾಕಿದೆ. ಗಿಳಿಯೂ ಹಾಕಿದ್ದಾಳೆ. ಹಳೆ ಮಾತ್ರೆಗಳ ಜೊತೆ ದಿನಾ ಒಂದು ಹೊಸ ಗುಳಿಗೆ. ಕೆಲವರದ್ದರಲ್ಲಿ ಮಾತ್ರ ಔಷಧಿ ಇರುತ್ತದಂತೆ, ಮಿಕ್ಕವರದ್ದು ಬರೀ ಖಾಲಿಯಂತೆ! ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ತಾನೇ? ಇದು ಯಾವ ನ್ಯಾಯ, ನೀನೇ ಹೇಳು.

ಇಂತು ಮೂಗಿಯಾದ
ನಿನ್ನ ಅಮ್ಮ


ಫೆಬ್ರವರಿ ೬

ಅಮ್ಮಾ,

ನೀನು ಬೈದು ಬರೆದದ್ದು ನೋಡಿ ಜೀವಕ್ಕೆ ಸಮಾಧಾನವಾಯಿತು. ಬೈಯುವಷ್ಟು ಶಕ್ತಿ ಇದೆಯಲ್ಲ.

ನ್ಯಾಯ ಕೇಳಿದೆ. ಹೇಳುತ್ತೇನೆ. ಹೊಸ ಔಷಧಿ ನಿಜವಾಗಿ ಕೆಲಸ ಮಾಡುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಎಲ್ಲರಿಗೂ ಕೊಟ್ಟುಬಿಟ್ಟರೆ, ಗುಣವಾದವರು ಅದರಿಂದ ಆದರೋ ಹಳೆ ಮಾತ್ರೆಯಿಂದ ಆದರೋ ಹೇಳಲಾಗುವುದಿಲ್ಲ. ಅದಕ್ಕೇ ಅರ್ಧ ಜನರಿಗೆ ಔಷಧಿ, ಅರ್ಧ ಜನರಿಗೆ ನೋಡಲು ಥೇಟ್ ಹಾಗೇ ಇರುವ ಖಾಲಿ ಗುಳಿಗೆ. ಯಾರಿಗೆ ಯಾವುದು ಎಂದು ನಿನಗೆ ಗೊತ್ತಿಲ್ಲ, ನರ್ಸಿಗೆ ಗೊತ್ತಿಲ್ಲ, ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ.

ನನಗೂ ಗೊತ್ತಿಲ್ಲ. ಪ್ರಯೋಗ ನಡೆಯುವ ಎಲ್ಲ ಆಸ್ಪತ್ರೆಗಳ ಕಫವೂ ನಮ್ಮ ಲ್ಯಾಬಿಗೇ ಬರುತ್ತದೆ, ಆದರೆ ಬಾಟಲಿಯ ಮೇಲೆ ಬರೀ ಸಂಖ್ಯೆ. ಅದರಲ್ಲೊಂದು ನಿನ್ನದು. ಯಾವುದೆಂದು ನನಗೆ ತಿಳಿಯುವ ಹಾಗಿಲ್ಲ, ಅದಕ್ಕೇ ಲ್ಯಾಬಿನ ಮುಖ್ಯಸ್ಥೆ ನನ್ನನ್ನು ಇಲ್ಲಿ ಇರಗೊಟ್ಟಿದ್ದಾರೆ. ಕಫವನ್ನು ರೋಗಾಣು ತಿನ್ನುವ ಹಸಿರು ಬಣ್ಣದ ಆಹಾರದ ಮೇಲೆ ಹಚ್ಚಿ ಬೆಚ್ಚಗೆ ಇಡುತ್ತೇವೆ. ರೋಗಾಣು ಜೀವಂತ ಇದ್ದರೆ ವಾರಗಳು ಕಳೆದ ಮೇಲೆ ಕೆನೆ ಬಣ್ಣದ ಒರಟು ಚುಕ್ಕೆಗಳು ಏಳುತ್ತವೆ. ಏಳದಿದ್ದರೆ ಸಂತೋಷ. ನೋಡಬೇಕಾದ ದಿನ ಇನ್ನೂ ದೂರವಿದ್ದರೂ ನಾನು ಸುಮ್ಮಸುಮ್ಮನೆ ಎದ್ದು ಹೋಗಿ ಆ ಬೆಚ್ಚಗಿನ ಪೆಟ್ಟಿಗೆಯ ಬಾಗಿಲು ತೆಗೆದು ನೋಡುತ್ತೇನೆ. “ಹಾಲು ಉಕ್ಕುತ್ತಾ ಅಂತ ನೋಡೋ ಹಾಗೆ ನೋಡ್ತೀಯಲ್ಲೇ” ಎಂದು ಪಕ್ಕದ ಮೇಜಿನವಳು ರೇಗಿಸುತ್ತಾಳೆ. ಚುಕ್ಕೆ ಎದ್ದ ಪ್ರತಿಯೊಂದು ಬಾಟಲಿಯೂ ನಿನ್ನದೇ ಇರಬಹುದು ಅನಿಸುತ್ತದೆ.

ಗುಳಿಗೆ ತಪ್ಪಿಸಬೇಡ. ಬೇರೇನೂ ಕೇಳುವುದಿಲ್ಲ.

ನಿನ್ನ ಮಗಳು


ಮಾರ್ಚ್ ೩

ಮಗಳೇ,

ನೀವೆಲ್ಲ ಸೇರಿ ಮುಚ್ಚಿಟ್ಟಿದ್ದನ್ನು ನಾವಿಬ್ಬರು ಹೆಂಗಸರು ಕಂಡುಹಿಡಿದೆವು. ಕೇಳು, ಮಜವಾಗಿದೆ.

ಗಂಟಲು ಊದಿರುವುದರಿಂದ ಒಂದು ದಿನ ಗುಳಿಗೆ ಒಳಗಿಳಿಯದೆ ನಾಲಿಗೆಯ ಬುಡದಲ್ಲೇ ಕರಗಿತು. ಅಬ್ಬಾ, ಎಂಥ ಕಹಿ! ಕಣ್ಣಲ್ಲಿ ನೀರು ಬಂತು. ಸ್ಲೇಟಿನಲ್ಲಿ ಬರೆದು ಗಿಳಿಗೆ ತೋರಿಸಿದೆ. ಅವಳು ಮಾರನೆಯ ದಿನ ತನ್ನದನ್ನು ಕಚ್ಚಿ ನೋಡಿದಳು. “ಏನೂ ಇಲ್ಲಮ್ಮ, ಬರೀ ಹಿಟ್ಟು ತಿಂದ ಹಾಗಿದೆ” ಎಂದಳು. ನಗುತ್ತಲೇ ಎಂದಳು. ಆಮೇಲೆ ಹೊದಿಕೆ ಎಳೆದುಕೊಂಡು ಮಲಗಿದವಳು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ.

ನನ್ನದು ಔಷಧಿ, ಅವಳದು ಖಾಲಿ. ಇನ್ನು ಹೇಳಬೇಕೇ? ನಾನು ಬದುಕಿನ ಮುಕ್ಕಾಲು ಕಂಡವಳು, ಮಗಳನ್ನು ದಡ ಸೇರಿಸಿದವಳು. ಅವಳು ನನ್ನ ಕಣ್ಣೆದುರೇ ಹಿಟ್ಟು ನುಂಗುತ್ತ ಸಾಯಬೇಕೇ? ಎಲ್ಲ ನೀನೇ ತಗೋ ಎಂದು ಬರೆದೆ. ಅವಳು ಒಪ್ಪಲಿಲ್ಲ. “ನಿಮ್ಮ ಗಂಟಲು ಬೇಡ್ವಾ? ನಿಮ್ಮನ್ನ ಕೊಂದು ನಾನ್ ಬದುಕ್ಲಾ?” ಎಂದು ನನ್ನ ಮೇಲೇ ಹರಿಹಾಯ್ದಳು. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆವು. ನರ್ಸ್ ಎರಡು ಪುಟ್ಟ ಲೋಟದಲ್ಲಿ ಗುಳಿಗೆ ಇಟ್ಟು, ಗಾಜಿನಾಚೆ ಹೋಗಿ ನಿಂತು ನಾವು ನುಂಗುವುದನ್ನು ನೋಡುತ್ತಾಳೆ. ಅವಳು ಆ ಕಡೆ ತಿರುಗಿ ಬಾಗಿಲು ದಾಟುವಷ್ಟರಲ್ಲಿ ಲೋಟ ಅದಲುಬದಲು. ಒಂದು ದಿನ ಬಿಟ್ಟು ಒಂದು ದಿನ. ಕಹಿ ನನಗೊಂದು ದಿನ, ಅವಳಿಗೊಂದು ದಿನ. ನಾಲಿಗೆಗೆ ಒಂದಿಷ್ಟು ತಾಗಿಸಿ ನೋಡಿಕೊಳ್ಳುತ್ತೇವೆ, ಲೆಕ್ಕ ತಪ್ಪಬಾರದಲ್ಲ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.

ಗಿಳಿ ಈಗ ಮತ್ತೆ ಊಟ ಮಾಡುತ್ತಿದ್ದಾಳೆ. ನನಗೂ ನೋವು ಕಡಿಮೆ ಎನಿಸುತ್ತಿದೆ. ನಿನ್ನ ಅಮ್ಮ ಓದಿಲ್ಲದಿರಬಹುದು, ತಲೆ ಇದೆ.

ನಿನ್ನ ಅಮ್ಮ


ಮಾರ್ಚ್ ೯

ಅಮ್ಮಾ,

ತಕ್ಷಣ ನಿಲ್ಲಿಸು. ಈ ಕಾಗದ ಓದಿದ ದಿನವೇ.

ನೀನು ಹೇಳಿದ್ದೇ ನಿಜವಾದರೂ ಅರ್ಧ ಔಷಧಿ ಎಂದರೆ ಅರ್ಧ ಗುಣವಲ್ಲ. ಪೂರ್ತಿ ಕೊಟ್ಟರೆ ರೋಗಾಣು ಸಾಯುತ್ತದೆ. ಒಂದು ದಿನ ಹೊಡೆದು ಒಂದು ದಿನ ಬಿಟ್ಟರೆ, ಬದುಕಿ ಉಳಿದದ್ದು ಏಟು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ. ಕಲಿತ ಮೇಲೆ ಆ ಔಷಧಿಯ ಬೆಟ್ಟವನ್ನೇ ತಿನ್ನಿಸಿದರೂ ಅದಕ್ಕೆ ನಾಟುವುದಿಲ್ಲ. ನೀನು ಗಿಳಿಯನ್ನು ಉಳಿಸುತ್ತಿಲ್ಲ ಅಮ್ಮ. ಇಬ್ಬರೂ ಮುಳುಗುತ್ತೀರಿ.

ದೊಡ್ಡ ಡಾಕ್ಟರಿಗೆ ನೀನೇ ಹೇಳು. ಸ್ಲೇಟಿನಲ್ಲಿ ಬರೆದು ತೋರಿಸು. ನೀನು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ. ಹೇಳದೆ ಬಚ್ಚಿಟ್ಟರೆ, ಕೆಲಸ ಮಾಡುವ ಔಷಧಿಯನ್ನೇ ಇದು ಕೆಲಸಕ್ಕೆ ಬಾರದ್ದು ಎಂದು ಬಿಸಾಡಿಬಿಡಬಹುದು. ಆಗ ಎಷ್ಟು ಗಿಳಿಗಳು ಸಾಯುತ್ತಾರೆ, ಯೋಚಿಸು.



ನಿನ್ನ ಮಗಳು


ಮಾರ್ಚ್ ೧೭

ಮಗಳೇ,

ನನ್ನ ಕಾಗದವನ್ನು ನೀನು ಮಗಳಾಗಿ ಓದಿದೆಯೋ ಲ್ಯಾಬಿನವಳಾಗಿ ಓದಿದೆಯೋ? ಮನೆಯ ಮಾತು ಎಂದು ಬರೆದೆ. ನೀನು ನೋಡಿದರೆ ನನ್ನ ತಲೆಯ ಮೇಲೇ ಕೂತು ನ್ಯಾಯ ಹೇಳುತ್ತಿದ್ದೀಯ.

ರೋಗಾಣು ಪಾಠ ಕಲಿಯುತ್ತದಂತೆ! ಇರಬಹುದು. ನಾನು ಕಂಡದ್ದನ್ನು ಹೇಳುತ್ತೇನೆ. ನಿನ್ನ ಕಾಗದ ಬಂದ ದಿನ ಅವಳ ಲೋಟವನ್ನು ಅವಳಿಗೇ ಬಿಟ್ಟೆ, ನನ್ನದನ್ನು ನಾನೇ ನುಂಗಲು ಹೋದೆ. ಬಡಬಡ ಮಾತಾಡುವ ಹುಡುಗಿ ಸುಮ್ಮನೆ ನನ್ನ ಬಾಯನ್ನೇ ನೋಡುತ್ತಿದ್ದಳು. ನನ್ನಿಂದ ಅದನ್ನು ನುಂಗಲಾಗಲಿಲ್ಲ ಮಗಳೇ. ನರ್ಸ್ ಗಾಜಿನಾಚೆ ಬಂದು ನಿಲ್ಲುವ ಮೊದಲೇ ಅವಳಿಗೇ ಕೊಟ್ಟೆ. ನೀನಾಗಿದ್ದರೆ ನುಂಗುತ್ತಿದ್ದೆಯಾ?

ಡಾಕ್ಟರಿಗೆ ಹೇಳಿದರೆ ಇಬ್ಬರನ್ನೂ ಪ್ರಯೋಗದಿಂದ ಕಿತ್ತು ಹಾಕುತ್ತಾರೆ. ಆಗ ಅವಳಿಗೆ ಅರ್ಧವೂ ಇಲ್ಲ. ನೀನು ಬಾಯಿ ಬಿಟ್ಟರೆ ಆ ಮಗುವಿನ ತಾಯಿಯನ್ನು ನೀನೇ ಕೈಯಾರೆ ತಳ್ಳಿದ ಹಾಗೆ. ನಾನು ಹೇಳುವುದಿಲ್ಲ. ನೀನೂ ಹೇಳಬಾರದು. ಹೆತ್ತವಳು ಕೇಳುತ್ತಿದ್ದೇನೆ.

ಅಮ್ಮ


ಮಾರ್ಚ್ ೨೬

ಅಮ್ಮಾ,

ನಿನ್ನೆ ಮುಖ್ಯಸ್ಥೆಯ ಕೋಣೆಗೆ ಹೋಗಿ ಹೇಳಿಬಿಟ್ಟೆ. ಮೂರು ಸಲ ಬಾಗಿಲವರೆಗೆ ಹೋಗಿ ವಾಪಸು ಬಂದಿದ್ದೆ. ಅವರು ಎದುರಿಗೇ ನಿಮ್ಮ ದೊಡ್ಡ ಡಾಕ್ಟರಿಗೆ ಫೋನ್ ಮಾಡಿದರು.

ನೀನು ಕೋಪಿಸಿಕೊಳ್ಳುತ್ತೀಯ. ಕೋಪಿಸಿಕೊಂಡು ಬದುಕಿರು, ಸಾಕು.

ನಿನ್ನ ಮಗಳು


ಮೇ ೧೪

ಮಗಳೇ,

ನಿನ್ನ ಐದಾರು ಕಾಗದ ಬಂದಿವೆ. ಒಡೆದು ನೋಡಿರಲಿಲ್ಲ. ಇವತ್ತು ಎಲ್ಲ ಒಟ್ಟಿಗೆ ಓದಿದೆ. ನಿನ್ನನ್ನು ಆ ಪ್ರಯೋಗದ ಮೇಜಿನಿಂದ ತೆಗೆದು ಮಾಮೂಲಿ ರೋಗಿಗಳ ಕಫ ನೋಡುವ ಕಡೆ ಹಾಕಿದ್ದಾರೆ ಎಂದು ಬರೆದಿದ್ದೀಯ. ನಾವೂ ಈಗ ಮಾಮೂಲಿ ರೋಗಿಗಳೇ. ನಮ್ಮಿಬ್ಬರ ಬಾಟಲಿ ಹೆಸರಿನ ಸಮೇತ ನಿನ್ನ ಕೈಗೇ ಬರುತ್ತದೆ ಅಂದ ಹಾಗಾಯಿತು.

ಆವತ್ತು ನಡೆದದ್ದನ್ನೂ ಕೇಳಿಕೋ. ದೊಡ್ಡ ಡಾಕ್ಟರು ಬಂದು ಕುರ್ಚಿ ಎಳೆದುಕೊಂಡು ಕೂತರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. “ಯಾರ ಐಡಿಯಾ ಇದು?” ಎಂದರು. “ನಂದು ಡಾಕ್ಟ್ರೇ, ಅಮ್ಮಂಗೆ ಏನೂ ಗೊತ್ತಿಲ್ಲ. ಪಾಪ, ಮಾತೂ ಬರಲ್ಲ ಅವ್ರಿಗೆ” ಎಂದಳು ಗಿಳಿ. ನಾನು ಸ್ಲೇಟಿನಲ್ಲಿ ‘ನನ್ನದು’ ಎಂದು ಇಷ್ಟು ದಪ್ಪ ಬರೆದು ಎತ್ತಿ ಹಿಡಿದೆ. ಅವರು ಇಬ್ಬರನ್ನೂ ನೋಡಿ ತಲೆ ಹಿಡಿದುಕೊಂಡರು. ಮಾರನೆಯ ದಿನದಿಂದ ಹೊಸ ಗುಳಿಗೆ ಇಲ್ಲ. ಪ್ರಯೋಗ ಮುಗಿಯುವವರೆಗೆ ಅದು ಹೊರಗಿನವರಿಗೆ ಸಿಗುವುದಿಲ್ಲವಂತೆ. ಅಂದಿನಿಂದ ನಿನ್ನ ಹೆಸರೆತ್ತಿದರೆ ನನ್ನ ಮೈ ಉರಿಯುತ್ತಿತ್ತು.

ನನ್ನ ಗಂಟಲು ಬಂದಿದೆ. ಒಡಕು ದನಿ, ಆದರೂ ದನಿ. ಮೆಲ್ಲಗೆ ಮಾತಾಡಬಹುದು ಎಂದಿದ್ದಾರೆ. ಹಾಗಿದ್ದೂ ನಿನಗೆ ಫೋನ್ ಮಾಡಲಿಲ್ಲ, ನೋಡು ನನ್ನ ಸಿಟ್ಟು. ನನ್ನ ಕಫ ಒಂದು ಸಲ ಶುದ್ಧ ಬಂದಿದೆ. ಮತ್ತೆ ಮತ್ತೆ ಹಾಗೇ ಬಂದರೆ ಮನೆಗೆ ಕಳಿಸುತ್ತಾರಂತೆ.

ಗಿಳಿಗೆ ಮತ್ತೆ ಜ್ವರ. ಮೆಟ್ಟಿಲು ಹತ್ತಿ ಬಂದವಳ ಹಾಗೆ ಏದುಸಿರು, ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೂ ಅಷ್ಟೇ. ಮಾತು ಅರ್ಧಕ್ಕೆ ನಿಲ್ಲುತ್ತದೆ, ಈಗ ಮಿಕ್ಕರ್ಧ ನಾನು ಮುಗಿಸುತ್ತೇನೆ. ಔಷಧಿ ಬದಲಿಸಿ ಸೂಜಿ ಶುರು ಮಾಡಿದ್ದಾರೆ. ಅದು ಕಿವಿಗೆ ಏಟು ಕೊಡಬಹುದು ಎಂದು ಮೊದಲೇ ಹೇಳಿ ಸಹಿ ಹಾಕಿಸಿಕೊಂಡಿದ್ದಾರೆ.

ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ನಾನು ಕೊಟ್ಟದ್ದು ಅವಳಿಗೆ ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ? ಆ ಲೋಟಗಳಲ್ಲಿ ಇದ್ದದ್ದೇನು? ಡಾಕ್ಟರನ್ನು ಕೇಳಿದರೆ “ಈಗ್ಯಾಕೆ ಅದೆಲ್ಲ, ಮುಂದಿನ್ದು ನೋಡೋಣ” ಎನ್ನುತ್ತಾರೆ. ನೀನು ಹೇಳು. ಅಮ್ಮನ ಮುಲಾಜಿಗೂ ಸುಳ್ಳಾಡುವವಳಲ್ಲ ನೀನು, ಅದಂತೂ ಗೊತ್ತಾಗಿದೆ.

ಅಮ್ಮ

(ಅಕ್ಕಾ, ನಾನು ಗಿಳಿ. ನಂದೂ ಬರೀರಿ. ನಿಮ್ಮಮ್ಮಂಗೆ ಹೇಳಿದ್ರೆ ನಂಗೆ ಹೇಳಿದ ಹಾಗೇನೆ. ಮುಚ್ಚಿಡಬೇಡಿ.)


ಮೇ ೨೯

ಅಮ್ಮಾ,

ಈ ಕಾಗದವನ್ನು ಬರೆದು ಹರಿದು ಬರೆದು ಹರಿದು ಸಾಕಾಗಿದೆ. ನೀನು ಒಬ್ಬಳೇ ಇರುವಾಗ ಓದು.

ನಿಮ್ಮಿಬ್ಬರನ್ನು ಪ್ರಯೋಗದಿಂದ ತೆಗೆದ ಮೇಲೆ ನಿಮ್ಮ ಗುಳಿಗೆ ಯಾವುದಿತ್ತೆಂದು ತೆರೆದು ನೋಡಿದರು. ಚಿಕಿತ್ಸೆಗೆ ಅದು ಗೊತ್ತಿರಬೇಕು. ಅಮ್ಮ, ಕಹಿ ಇದ್ದದ್ದು ಖಾಲಿ ಗುಳಿಗೆ. ನಿಜವಾದ ಔಷಧಿಯ ಪುಡಿ ಸಹಜವಾಗಿ ಕಹಿ. ಯಾರಾದರೂ ಕಚ್ಚಿ ನೋಡಿಯಾರು ಎಂದು ತಯಾರಿಸಿದವರು ಖಾಲಿಯದಕ್ಕೂ ಕಹಿ ಬೆರೆಸಿದ್ದರು. ಆಮೇಲೆ ಔಷಧಿ ಹೊಟ್ಟೆ ಕೆಡಿಸುತ್ತದೆಂದು ಅದರ ಪುಡಿಗೆ ರುಚಿಯಿಲ್ಲದ ಲೇಪ ಕೊಟ್ಟರು. ಖಾಲಿಯದರ ಕಹಿ ತೆಗೆಯಲು ಯಾರಿಗೂ ಹೊಳೆಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಔಷಧಿ ಗಿಳಿಯದ್ದೇ ಆಗಿತ್ತು. ಹಿಟ್ಟಿನಂತಿದ್ದದ್ದೇ ಔಷಧಿ. ನೀನು ಅವಳಿಗೆ ಕೊಟ್ಟದ್ದು ಖಾಲಿಯದು. ಅವಳ ಅರ್ಧ ಔಷಧಿ ನಿನ್ನ ಹೊಟ್ಟೆಗೆ ಹೋಯಿತು.

ನಿನ್ನ ಎರಡನೆಯ ಬಾಟಲಿಯೂ ಶುದ್ಧವಾಗಿದೆ. ಗಿಳಿಯದ್ದರಲ್ಲಿ ಚುಕ್ಕೆಗಳು ಎದ್ದಿವೆ. ಅದೇ ಹೊಸ ಔಷಧಿಯನ್ನು ಬೆರೆಸಿದ ಬಾಟಲಿಯಲ್ಲೂ ಎದ್ದಿವೆ. ಅಂದರೆ ಅವಳ ರೋಗಾಣು ಅದಕ್ಕೆ ಬಗ್ಗುವುದಿಲ್ಲ. ಪ್ರಯೋಗಕ್ಕೆ ಸೇರಿದಾಗಿನ ಅವಳ ಬಾಟಲಿಯಲ್ಲಿ ಹಾಗಿರಲಿಲ್ಲ.

ದಿನಾ ತಪ್ಪದೆ ನುಂಗಿದ್ದರೆ ಅವಳು ಗುಣವಾಗುತ್ತಿದ್ದಳೇ ಎಂದು ಕೇಳುತ್ತೀಯ. ಗೊತ್ತಿಲ್ಲ ಅಮ್ಮ. ಯಾರಿಗೂ ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಪ್ರಯೋಗ ಇದ್ದದ್ದು. ನೀನೇ ಪೂರ್ತಿ ಖಾಲಿಯದನ್ನು ನುಂಗಿದ್ದರೂ ಹಳೆ ಮಾತ್ರೆಗಳಿಂದಲೇ ಗುಣವಾಗುತ್ತಿದ್ದೆಯೇನೋ, ಅದೂ ಗೊತ್ತಿಲ್ಲ. ಈಗ ಶುರು ಮಾಡಿರುವ ಸೂಜಿಗೆ ಅವಳ ರೋಗಾಣು ಇನ್ನೂ ಬಗ್ಗುತ್ತದೆ. ಇಷ್ಟು ಮಾತ್ರ ಆಣೆ ಮಾಡಿ ಹೇಳಬಲ್ಲೆ.

ನಿನ್ನನ್ನು ಈ ಪ್ರಯೋಗಕ್ಕೆ ಸೇರಿಸಿದವಳು ನಾನು. ನಿನ್ನೊಬ್ಬಳ ಮೇಲೇ ಎಲ್ಲ ಹೊರೆ ಎಳೆದುಕೊಳ್ಳಬೇಡ. ಅವಳಿಗೆ ಹೇಳುವುದೋ ಬಿಡುವುದೋ, ಡಾಕ್ಟರ ಜೊತೆ ಕೂತು ಯೋಚಿಸು.

ನಿನ್ನ ಮಗಳು


ಜೂನ್ ೧೦

ಮಗಳೇ,

ನಿನ್ನ ಕಾಗದವನ್ನು ಬಚ್ಚಲುಮನೆಯಲ್ಲಿ ಬೋಲ್ಟು ಹಾಕಿಕೊಂಡು ಓದಿದೆ. ನಲ್ಲಿ ಬಿಟ್ಟುಕೊಂಡು ಅತ್ತೆ. ಆ ಹುಡುಗಿಯ ಬಾಯಿಂದ ಕಿತ್ತು ತಿಂದು, ಮೇಲಿಂದ ಅವಳ ಕೈಲೇ ‘ದೇವರಂಥ ಅಮ್ಮ’ ಅನ್ನಿಸಿಕೊಂಡೆನಲ್ಲ ಎಂದು ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಹೊರಗೆ ಬಂದರೆ ಮೊದಲ ಮಾತೇ, “ಕಾಗ್ದ ಬಂತಾ ಅಮ್ಮ?” ಇನ್ನೂ ಇಲ್ಲ ಎಂದೆ. ಮಾರನೆಯ ದಿನವೂ ಕೇಳಿದಳು, ಅಂಚೆಯವರನ್ನು ಬೈದೆ. ಅದರ ಮಾರನೆಯ ದಿನ ಅವಳು ಕೇಳಲಿಲ್ಲ, ನನ್ನ ಮುಖ ನೋಡಿ ಸುಮ್ಮನಾದಳು. ಅದನ್ನು ತಡೆಯಲು ನನ್ನಿಂದಾಗಲಿಲ್ಲ. ಡಾಕ್ಟರ ಜೊತೆ ಕೂತು ಯೋಚಿಸು ಎಂದಿದ್ದೆ ನೀನು. ಯೋಚಿಸಲಿಲ್ಲ. ಅವಳ ಹಾಸಿಗೆಯ ಅಂಚಿನಲ್ಲಿ ಕೂತು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನನ್ನ ಒಡಕು ದನಿಯಲ್ಲೇ ಓದಿ ಹೇಳಿದೆ. ಒಂದಕ್ಷರ ಬಿಡಲಿಲ್ಲ.

ಅವಳು ಗೋಡೆಯ ಕಡೆ ತಿರುಗಿದಳು. ರಾತ್ರಿಯಾದರೂ ಈ ಕಡೆ ಮಗ್ಗುಲಾಗಲಿಲ್ಲ. ಬಾಗಿಲಿಗೂ ಕಿಟಕಿಗೂ ತಿರುಗಿ ತಿರುಗಿ ನನ್ನ ಕಾಲು ಬಿದ್ದುಹೋದವು. ಆ ದರಿದ್ರ ಯಂತ್ರದ ಸದ್ದೊಂದೇ. ಬೆಳಿಗ್ಗೆ ನರ್ಸ್ ಸೂಜಿ ಚುಚ್ಚಿ ಹೋದ ಮೇಲೆ ನನ್ನ ಕಡೆ ತಿರುಗಿ, “ಹಂಗಾದ್ರೆ ಕೊಟ್ಟೋಳು ನಾನು, ಈಸ್ಕೊಂಡೋಳು ನೀವು” ಎಂದಳು.

“ಹೂಂ ಕಣೇ” ಎಂದೆ.

“ನಿಮ್ಮ ಗಂಟ್ಲಲ್ಲಿ ಅರ್ಧ ನಂದು.”

“ಪೂರ್ತಿ ನಿಂದೇ.”

“ನನ್ಗೆ ಸಿಟ್ಟು ಹೋಗಿಲ್ಲಮ್ಮ. ಸುಳ್ಯಾಕೆ ಹೇಳ್ಲಿ. ನಿಮ್ಮೇಲೂ ಇದೆ, ನನ್ಮೇಲೂ ಇದೆ. ಆದ್ರೆ ಭಾನುವಾರ ಮಗು ಬರುತ್ತೆ. ಗಾಜಿನಾಚೆ ಕೇಳೋ ಹಾಗೆ ಕೂಗೋಕೆ ನನ್ಗೆ ಉಸಿರಿಲ್ಲ. ನೀವು ಕೂಗಿ.”

ಕೂಗಬಾರದು ಎಂದಿದ್ದಾರೆ ಡಾಕ್ಟರು. ಹಾಳಾಗಲಿ ಎಂದುಕೊಂಡೆ. ಭಾನುವಾರ ಅವಳನ್ನು ನನ್ನ ಹೆಗಲಿಗೆ ಒರಗಿಸಿಕೊಂಡು ಕಿಟಕಿಯ ಹತ್ತಿರ ನಿಲ್ಲಿಸಿದೆ. ಅವಳು ನನ್ನ ಕಿವಿಯಲ್ಲಿ ಹೇಳುವುದು, ನಾನು ಕೂಗುವುದು. ಹಲ್ಲುಜ್ಜಿದ್ಯಾ? ಅಜ್ಜಿಗೆ ಕಾಟ ಕೊಡ್ತಿದ್ದೀಯಾ? ಆ ಚಪ್ಪಲಿ ಯಾಕೆ ಎಡಕ್ಕೆ ಬಲದ್ದು ಹಾಕ್ಕೊಂಡಿದ್ದೀಯ? ಮಂಡಿಯಲ್ಲಿ ಕೂಗಿದ ಹಾಗೇ ಕೂಗಿದೆ. ಸ್ಕೂಟರ್ ನಿಲ್ಲಿಸುತ್ತಿದ್ದವರೆಲ್ಲ ತಲೆ ಎತ್ತಿ ನೋಡಿದರು. ನರ್ಸ್ ಓಡಿ ಬಂದಳು, ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತಳು. ಮಗು ಮೊದಲು ಹೆದರಿತು. ಆಮೇಲೆ ಇದು ಅಮ್ಮನ ಮಾತೇ ಎಂದು ಅದಕ್ಕೆ ಅರ್ಥವಾಯಿತು ಅನಿಸುತ್ತದೆ, ನನ್ನನ್ನು ನೋಡುವುದು ಬಿಟ್ಟು ಅವಳನ್ನೇ ನೋಡುತ್ತ ಉತ್ತರ ಕೊಟ್ಟಿತು. ಕೊನೆಗೆ ಎರಡೂ ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿತು, “ಯಾವಾಗ ಬರ್ತೀಯಾ?”

ಗಿಳಿ ನನ್ನ ಕಿವಿಯಲ್ಲಿ, “ಬೇಗ ಅಂತ ಹೇಳಿ” ಎಂದಳು.

ಮಗಳೇ, ಅಲ್ಲಿಯವರೆಗೆ ಅವಳು ಹೇಳಿದ್ದನ್ನೆಲ್ಲ ಹಾಗೇ ಕೂಗಿದವಳು ಅಲ್ಲಿ ಬಾಯಿ ಕಟ್ಟಿ ನಿಂತೆ. ನಿನ್ನ ಬಾಟಲಿ, ಅದರ ಚುಕ್ಕೆ, ಎಲ್ಲ ಕಣ್ಣಿಗೆ ಬಂದವು. ಅವಳು ನನ್ನ ತೋಳು ಹಿಂಡಿದಳು. “ಹೇಳೀಮ್ಮ.”

ಕೂಗಿದೆ. ಗಂಟಲು ಹರಿದುಹೋಗುವ ಹಾಗೆ ಕೂಗಿದೆ, ಬೇಗ ಎಂದು.

ನಾಡಿದ್ದು ನನ್ನನ್ನು ಈ ಕೋಣೆಯಿಂದ ಮನೆಗೆ ಕಳಿಸುತ್ತಾರೆ. ಭಾನುವಾರ ಬರುತ್ತೇನೆ ಎಂದಿದ್ದೇನೆ, ಒಳಗೆ ಬಿಡುವುದಿಲ್ಲವಂತೆ, ಮಗುವಿನ ಜೊತೆ ಸ್ಕೂಟರ್ ಜಾಗದಲ್ಲೇ ನಿಲ್ಲುತ್ತೇನೆ. ಅವಳ ಈ ವಾರದ ಬಾಟಲಿ ಇವತ್ತು ಹೊರಟಿದೆ, ನಿನ್ನ ಮೇಜಿಗೆ ಬರುತ್ತದೆ. ಏನಿದ್ದರೂ ಇದ್ದ ಹಾಗೆಯೇ ಬರಿ. ಆದರೆ ಹರಾಜಿನಲ್ಲಿ ಒಂದು ಸಲ ಕೂಗಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಂಡವಳಲ್ಲ, ನಿನಗೆ ಗೊತ್ತು. ಬೇಗ ಎಂದು ಕೂಗಿಬಿಟ್ಟಿದ್ದೇನೆ.

ನಿನ್ನ ಅಮ್ಮ